ಕೆಂಪು ದೀಪಕ್ಕೆ ನಿಂತ ಮಾತು

ಅಲೆಕ್ಸಾಂಡ್ರಿಯಾ, ವರ್ಜೀನಿಯಾ
ಫೆಬ್ರವರಿ 11, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಮಗಳೇ ಮಾರೆನ್,

ನಿನ್ನ ಕೆಮ್ಮು ಹೇಗಿದೆ? ಕ್ರಿಸ್‌ಮಸ್ ಕಳೆದು ಆರು ವಾರವಾದರೂ ಬಿಟ್ಟಿಲ್ಲವಂತೆ. ಡುಲುತ್‌ನಲ್ಲಿ ಸರೋವರದ ಗಾಳಿ ಬೀಸುವಾಗ ನೀನು ಕಿವಿ ಮುಚ್ಚಿಕೊಳ್ಳುವವಳಲ್ಲ, ಚಿಕ್ಕವಳಿದ್ದಾಗಲೂ ಟೋಪಿಯನ್ನು ಶಾಲೆಯ ಮೂಲೆ ತಿರುಗುತ್ತಿದ್ದಂತೆ ಚೀಲಕ್ಕೆ ತುರುಕುತ್ತಿದ್ದೆ, ನನಗೆ ಗೊತ್ತಿರಲಿಲ್ಲ ಅಂದುಕೊಂಡಿದ್ದೀಯ. ಡಾಕ್ಟರ ಹತ್ತಿರ ಹೋಗು. ನನ್ನ ಮೊಣಕಾಲು ಮೊದಲಿನಂತೆಯೇ ಇದೆ, ಮೆಟ್ಟಿಲು ಇಳಿಯುವಾಗ ಶಾಪ ಹಾಕುತ್ತದೆ, ಹತ್ತುವಾಗ ಸುಮ್ಮನಿರುತ್ತದೆ. ಹಸಿವು ಚೆನ್ನಾಗಿದೆ. ಭಾನುವಾರ ಒಬ್ಬಳಿಗೇ ಅಂತ ನಮ್ಮೂರಿನ ಆಲೂಗಡ್ಡೆ ಹಾಟ್‌ಡಿಶ್ ಮಾಡಿ, ಕೈ ಅಭ್ಯಾಸಕ್ಕೆ ಎಂಟು ಜನರ ಪಾತ್ರೆಯಲ್ಲೇ ಮಾಡಿ, ಮೂರು ದಿನ ಅದನ್ನೇ ತಿಂದೆ.

ಆರ್ನಿಯ ಮೇಲೆ ಸಿಟ್ಟಾಗಬೇಡ. ನಾನೇ ಫೋನು ಮಾಡಿ ಪೀಡಿಸಿದೆ. ಅವನು ಪಾಪ, ಗ್ಯಾರೇಜಿನೊಳಗೆ ನಿಂತು ಪಿಸುಗುಟ್ಟಿದ: "ಅತ್ತೆ, ಕಾಗದ ಬರೀರಿ. ಉತ್ತರ ಬರೆಯಲ್ಲ ಅವಳು. ಆದ್ರೆ ಓದ್ತಾಳೆ, ನಾನು ನೋಡಿದೀನಿ." ನಿನಗೆ ಒಳ್ಳೆಯ ಗಂಡ ಸಿಕ್ಕಿದ್ದಾನೆ ಕಣೇ. ಎರಡು ವರ್ಷದಿಂದ ನಾನು ಬರೆದ ಹನ್ನೊಂದು ಕಾಗದಗಳನ್ನೂ ನೀನು ಓದಿದ್ದೀಯ ಅಂತ ತಿಳಿದ ದಿನ ನಾನು ಅಂಗಡಿಯಲ್ಲಿ ಹಾಲಿನ ಕಪಾಟಿನ ಮುಂದೆ ನಿಂತು ಅತ್ತೆ. ನನ್ನಂಥವಳು, ಅಂಗಡಿಯಲ್ಲಿ.

ಈಗ ವಿಷಯಕ್ಕೆ ಬರುತ್ತೇನೆ. ನಿಮ್ಮ ಕಡೆಯ ಸಂಸತ್ ಸದಸ್ಯೆ ಓಡೆಗಾರ್ಡ್ ಸಹಿಗೆಂದು ಕಳಿಸಿದ ಒಪ್ಪಿಗೆ ಪತ್ರ ನಿನ್ನ ಮೇಜಿನ ಮೇಲೆ ತಿಂಗಳಿಂದ ಬಿದ್ದಿದೆಯಂತೆ. ಅವಳ ಮಸೂದೆಯ ವಿಷಯ ಪತ್ರಿಕೆಗಳಲ್ಲಿ ಬಂದಿದೆ, ಆದರೂ ಹೇಳುತ್ತೇನೆ, ಏಕೆಂದರೆ ಪತ್ರಿಕೆಯವರಿಗೆ ಸರಿಯಾಗಿ ಹೇಳಲು ಬರುವುದಿಲ್ಲ. ಸೆಪ್ಟೆಂಬರ್ ಮುಗಿಯುವುದರೊಳಗೆ ಬಜೆಟ್ಟಿಗೆ ಒಪ್ಪಿಗೆ ಸಿಗದಿದ್ದರೆ, ಕಳೆದ ವರ್ಷ ಕೊಟ್ಟಷ್ಟೇ ಹಣ ತಾನಾಗಿಯೇ ಎರಡು ವಾರ ಮುಂದುವರಿಯುತ್ತದೆ. ಆಮೇಲೂ ಜಗಳ ಮುಗಿಯದಿದ್ದರೆ ಇನ್ನೆರಡು ವಾರ. ಈಗಿನಂತೆ ಹಣವಿಲ್ಲದೆ ಸರ್ಕಾರದ ಯಾವ ಕಚೇರಿಯ ಬಾಗಿಲೂ ಮುಚ್ಚುವುದಿಲ್ಲ. ಜಗಳ ಮುಗಿಯುವವರೆಗೆ ಸದಸ್ಯರು ಮಾತ್ರ ಊರಿಗೆ ಹೋಗುವಂತಿಲ್ಲ, ಬೇರೆ ಕೆಲಸ ಮುಟ್ಟುವಂತಿಲ್ಲ. ಇಷ್ಟೇ. ಎರಡು ಪುಟ. ಅದಕ್ಕೆ ಅವಳು ಇಟ್ಟಿರುವ ಹೆಸರು ನಿನ್ನ ಮಗಳದ್ದು, ಟಿಲ್ಲಿ ಕಾಯಿದೆ.

ಹೆಸರು ಓದಿದಾಗ ನಿನಗೆ ಏನಾಯಿತೋ ನನಗೆ ಗೊತ್ತು, ಏಕೆಂದರೆ ನನಗೂ ಅದೇ ಆಯಿತು. ಆದರೆ ಇಲ್ಲಿ ಅದು ಪದ್ಧತಿ. ಸತ್ತ ಮಗುವಿನ ಹೆಸರಿದ್ದರೆ ವಿರುದ್ಧ ಮತ ಹಾಕಲು ಕೈ ಹಿಂಜರಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಮೂವತ್ತೊಂದು ವರ್ಷ ನಾನು ಸಂಸತ್ತಿನ ಆ ಕಟ್ಟಡದಲ್ಲಿ ಮತ ಎಣಿಸಿದವಳು, ನನಗೆ ಗೊತ್ತಿಲ್ಲವೇ? ಕೈಯಲ್ಲಿ ಒಂದು ರಟ್ಟಿನ ಚೀಟಿ, ಕಿವಿಯ ಹಿಂದೆ ಪೆನ್ಸಿಲು, ಮತಕ್ಕೆ ಮುಂಚೆ ಒಬ್ಬೊಬ್ಬರನ್ನೇ ಹಿಡಿದು ಯಾರು ಹೌದು, ಯಾರು ಇಲ್ಲ, ಯಾರು ಅಲುಗಾಡುತ್ತಿದ್ದಾರೆ ಅಂತ ಗುರುತು ಹಾಕುವುದು. ಪೆನ್ನು ಮುಟ್ಟುವಂತಿಲ್ಲ, ಊಟಕ್ಕೆ ಹೋಗಿ ಬರುವಷ್ಟರಲ್ಲಿ ಜನ ಬದಲಾಗಿರುತ್ತಾರೆ. ಕಳೆದ ವಾರ ಓಡೆಗಾರ್ಡ್ ಕಚೇರಿಯ ಹುಡುಗಿಯರಿಬ್ಬರು ಲಿಫ್ಟಿನಲ್ಲಿ ನನ್ನ ಮುಂದೆಯೇ ಮಾತಾಡಿಕೊಂಡರು. "ಟಿಲ್ಲಿ ಹೇಗಿದಾಳೆ?" ಅಂದಳು ಒಬ್ಬಳು. "ಉಸಿರಾಡ್ತಿದಾಳೆ. ಶುಕ್ರವಾರದವರೆಗೂ ಎಳೀಬಹುದು," ಅಂದಳು ಇನ್ನೊಬ್ಬಳು. ಕೆಟ್ಟ ಹುಡುಗಿಯರಲ್ಲ, ಅಲ್ಲಿ ಎಲ್ಲ ಮಸೂದೆಗಳನ್ನೂ ಹಾಗೆಯೇ ಮಾತಾಡಿಸುವುದು. ಬಹಳ ಹಿಂದೆ ಡ್ಯಾನಿ ಅನ್ನುವ ಮಗುವಿನ ಹೆಸರಿನ ಒಂದು ಮಸೂದೆ ಇತ್ತು. ಅದು ಬಿದ್ದ ದಿನ, "ಡ್ಯಾನಿ ಹೋದ, ಬನ್ನಿ ಊಟ ಮಾಡೋಣ," ಅಂತ ಕರೆದವಳು ನಾನೇ. ಆ ಡ್ಯಾನಿಯ ತಾಯಿ ಎಲ್ಲಿದ್ದಾಳೋ ಅಂತ ಲಿಫ್ಟಿನಲ್ಲಿ ಮೊದಲ ಸಲ ಯೋಚಿಸಿದೆ.

ಸರ್ಕಾರದ ಬಾಗಿಲು ಮುಚ್ಚಿದ್ದ ಆ ಹದಿನೇಳು ದಿನಗಳ ಬಗ್ಗೆ ನಾವಿಬ್ಬರೂ ಬಾಯಿಬಿಟ್ಟು ಮಾತಾಡಿಲ್ಲ. ನೀವು ಮೂರು ಜನ ಎರಡು ದಿನ ಕಾರು ಓಡಿಸಿಕೊಂಡು ನನ್ನ ಮನೆಗೆ ಬಂದಿರಿ, ಮಾರನೆಯ ದಿನ ಸರ್ಕಾರದ ಸಂಶೋಧನಾ ಆಸ್ಪತ್ರೆಯಲ್ಲಿ ಹೊಸ ಔಷಧಿಯ ಪ್ರಯೋಗಕ್ಕೆ ಟಿಲ್ಲಿಯನ್ನು ಸೇರಿಸಬೇಕಿತ್ತು. ಬೆಳಿಗ್ಗೆ ನರ್ಸ್ ಫೋನು ಮಾಡಿದಳು: "ಹೊಸ ಮಕ್ಕಳನ್ನ ತಗೊಳ್ಳೋ ಹಾಗಿಲ್ಲ ಅಮ್ಮಾ, ಬಜೆಟ್ ಆಗೋವರೆಗೆ. ನಂಗೂ ಹೇಳೋಕೆ ಬಾಯಿ ಬರ್ತಿಲ್ಲ." ಆಸ್ಪತ್ರೆಯ ಚಿತ್ರದಲ್ಲಿ ಮೀನಿನ ದೊಡ್ಡ ತೊಟ್ಟಿ ನೋಡಿ, ಟಿಲ್ಲಿ ಮೀನಿನ ಆಹಾರದ ಡಬ್ಬಿಯೊಂದನ್ನು ಊರಿನಿಂದಲೇ ತಂದಿದ್ದಳು. ದಿನಾ ಬೆಳಿಗ್ಗೆ ಶೂ ಹಾಕಿಕೊಂಡು, ಡಬ್ಬಿ ಹಿಡಿದು, ಮೆಟ್ಟಿಲ ಮೇಲೆ ಕೂರುತ್ತಿದ್ದಳು. "ಅಜ್ಜೀ, ಇವತ್ತು ತೆಗೀತಾರಾ?" ನಾನು ಕೋಟು ಹಾಕಿಕೊಳ್ಳುತ್ತಾ, "ನಾಳೆ ಕಂದಾ," ಅನ್ನುತ್ತಿದ್ದೆ. "ಅಲ್ಲೀವರೆಗೂ ಮೀನಿಗೆ ಯಾರು ಊಟ ಹಾಕ್ತಾರೆ?" ಅಂತ ಕೇಳಿದಳು ಒಂದು ದಿನ. ಮೀನು ನೋಡಿಕೊಳ್ಳುವವರನ್ನು ಕೆಲಸಕ್ಕೆ ಉಳಿಸಿಕೊಂಡಿದ್ದಾರೆ ಅಂದೆ. ಅವಳು ಸ್ವಲ್ಪ ಯೋಚಿಸಿ, "ಹಾಗಾದ್ರೆ ಮೀನಿಗೆ ಮುಚ್ಚಿಲ್ಲ," ಅಂದಳು. ಸಿಟ್ಟಿನಿಂದಲ್ಲ, ಮೀನಿನ ಬಗ್ಗೆ ಸಮಾಧಾನವಾಗಿ ಹೇಳಿದಳು.

ಹದಿನೇಳು ದಿನ ನಾನು ನಾಳೆ ಅಂದೆ. ನಾನು ಸುಳ್ಳು ಹೇಳಲಿಲ್ಲ ಮಾರೆನ್, ಚೀಟಿ ಹಿಡಿದು ಓಡಾಡುತ್ತಿದ್ದೆ, ದಿನಾ ಸಂಜೆ ನಾಳೆಗೆ ಆಗುವಂತೆಯೇ ಕಾಣುತ್ತಿತ್ತು. ಹದಿನೆಂಟನೆಯ ದಿನ ಬಾಗಿಲು ತೆರೆಯಿತು, ಅಷ್ಟರಲ್ಲಿ ಅವಳ ರಕ್ತಕಣಗಳ ಎಣಿಕೆ ತೀರಾ ಇಳಿದಿತ್ತು. ಇಂಥ ಸ್ಥಿತಿಯಲ್ಲಿ ಆ ಔಷಧಿ ಕೊಡಲು ನಿಯಮ ಬಿಡುವುದಿಲ್ಲ ಅಂದರು. ಅವತ್ತು ನೀನು ನನ್ನ ಅಡುಗೆಮನೆಯಲ್ಲಿ ನಿಂತು ಕೇಳಿದೆ: "ಅಮ್ಮಾ, ಹೀಗಾಗುತ್ತೆ ಅಂತ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ವಾ? ಮೊದಲೇ ತಡೆಯೋಕೆ ಯಾರೂ ಏನೂ ಮಾಡ್ಲಿಲ್ವಾ?" ನಾನು ಸಿಂಕಿನ ಕಡೆ ತಿರುಗಿ, "ಪ್ರಯತ್ನ ಪಟ್ಟರು, ಆಗಲಿಲ್ಲ," ಅಂದೆ. ಜನವರಿಯಲ್ಲಿ ಮಣ್ಣು ಮಾಡಿ ಬಂದ ಮೇಲೆ ನೀನು ಮಾತು ಬಿಟ್ಟೆ. ನಿನ್ನದು ತಪ್ಪು ಅಂತ ನಾನು ಒಂದು ದಿನವೂ ಅಂದುಕೊಂಡಿಲ್ಲ.

ಕಳೆದ ಗುರುವಾರ ಸಮಿತಿಯ ಮುಂದೆ ನಾನು ಸಾಕ್ಷಿ ಹೇಳಿದೆ. ಅಲ್ಲಿ ಸಾಕ್ಷಿಯ ಮೇಜಿನ ಮೇಲೆ ಮೂರು ಬಣ್ಣದ ಪುಟ್ಟ ದೀಪವಿರುತ್ತದೆ: ಹಸಿರಿಗೆ ಮಾತು, ಹಳದಿಗೆ ಒಂದು ನಿಮಿಷ ಬಾಕಿ, ಕೆಂಪಿಗೆ ಬಾಯಿ ಮುಚ್ಚಬೇಕು. ಎಷ್ಟು ಸಾಕ್ಷಿಗಳನ್ನು ನಾನೇ ಕೂರಿಸಿ ಪಾಠ ಮಾಡಿದ್ದೇನೆ. ಅಳುತ್ತಿದ್ದ ತಾಯಂದಿರಿಗೂ, ಕೆಂಪು ಬಂದರೆ ನಿಲ್ಲಿಸಬೇಕು ನೋಡಿ, ಅಂತ ಹೇಳಿದ್ದೇನೆ. ನನ್ನ ಐದು ನಿಮಿಷ ಚೆನ್ನಾಗಿಯೇ ಹೋಯಿತು. ಮೆಟ್ಟಿಲು, ಶೂ, ಮೀನಿನ ಡಬ್ಬಿ ಎಲ್ಲ ಹೇಳಿದೆ, ನಿನ್ನನ್ನು ಕೇಳದೆ ಹೇಳಿದೆ, ಅದಕ್ಕೆ ಬೈಯಿ. ಆಮೇಲೆ ಪ್ರಶ್ನೆ ಕೇಳಲು ಸದಸ್ಯ ಕ್ರಂಪ್ಟನ್ ಅವರ ಐದು ನಿಮಿಷದ ಸರದಿ ಬಂತು. ನಿನಗೆ ಅವರ ನೆನಪಿರಬೇಕು, ನಾನು ಅಷ್ಟು ವರ್ಷ ಯಾರ ಕೈಕೆಳಗೆ ಕೆಲಸ ಮಾಡಿದೆನೋ ಅವರು, ನಿನ್ನ ಮದುವೆಗೆ ಬೆಳ್ಳಿಯ ಚಮಚ ಕಳಿಸಿದವರು. ಟಿಲ್ಲಿ ಹೋದಾಗ ಕಣ್ಣೀರು ಹಾಕಿದ ಮನುಷ್ಯ. ಆದರೆ ಮಸೂದೆಗೆ ವಿರುದ್ಧ. ನಾಲ್ಕು ನಿಮಿಷ ಅವರೇ ಮಾತಾಡಿದರು. "ಈ ಸದನದಲ್ಲಿ ನನಗೆ ಮತದ ಲೆಕ್ಕ ಕಲಿಸಿದೋರು ಒಬ್ಬರಿದಾರೆ," ಅಂತ ನನ್ನ ಕಡೆ ನೋಡಿ, ಪ್ರೀತಿಯಿಂದಲೇ ನಕ್ಕರು. "ಬಾಗಿಲು ಮುಚ್ಚುತ್ತೆ ಅನ್ನೋ ಭಯ ಇಲ್ದಿದ್ರೆ ಯಾರೂ ಮಾತುಕತೆಗೆ ಕೂರಲ್ಲ ಅಂತ ಅವರು ಹೇಳೋರು. ಆ ಭಯಾನೇ ತೆಗೆದ್ರೆ ಬಜೆಟ್ ಅನ್ನೋದು ಎಂದಿಗೂ ಆಗಲ್ಲ. ಏನಂತೀರಿ ಶ್ರೀಮತಿ ಕೆಸೆಲ್?"

ಹಳದಿ ಉರಿಯುತ್ತಿತ್ತು. ನಾನು ಮೈಕಿಗೆ ಬಗ್ಗಿ, "ಕ್ರಂಪ್ಟನ್ ಅವರೇ, ಅವತ್ತು ನಾನು," ಅಂದೆ. ಕೆಂಪಾಯಿತು. ನಿಲ್ಲಿಸಿಬಿಟ್ಟೆ. ಯಾರೂ ನಿಲ್ಲಿಸು ಅನ್ನಲಿಲ್ಲ ಮಾರೆನ್. ಅಧ್ಯಕ್ಷರು, "ಪರವಾಗಿಲ್ಲಮ್ಮಾ, ನಿಧಾನವಾಗಿ ಮುಗಿಸಿ," ಅಂದರು. ಮೂವತ್ತಾರು ಜನ ಕಾಯುತ್ತಿದ್ದರು, ಕ್ರಂಪ್ಟನ್ ಕೂಡ. ನಾನು, "ಇಲ್ಲ, ನನ್ನ ಸಮಯ ಮುಗೀತು," ಅಂತ ಕಾಗದ ಜೋಡಿಸಿಕೊಂಡೆ. ಅಭ್ಯಾಸ ಅಂತ ಹೊರಗೆ ಬಂದು ಎಲ್ಲರಿಗೂ ಹೇಳಿದೆ, ಎಲ್ಲರೂ ನಕ್ಕರು. ಅಭ್ಯಾಸ ಅರ್ಧ ಮಾತ್ರ. ಉಳಿದರ್ಧ ಹೇಡಿತನ, ಆ ದೀಪ ಕೆಂಪಾದಾಗ ನನಗೆ ಹಾಯೆನಿಸಿತು.

ಎರಡು ವಾರದಲ್ಲಿ ಸಮಿತಿಯಲ್ಲಿ ಮತ. ಹತ್ತೊಂಬತ್ತು ಬೇಕು, ಹದಿನೆಂಟು ಇದೆ. ನಾನು ನಿವೃತ್ತಳಾದರೂ ಚೀಟಿ ಮಾಡಿ ಎಣಿಸಿದ್ದೇನೆ, ನನ್ನ ಲೆಕ್ಕ ತಪ್ಪುವುದಿಲ್ಲ. ಒಬ್ಬರು ಅಲುಗಾಡುತ್ತಿದ್ದಾರೆ. ತಾಯಿ ಸಹಿ ಹಾಕಿ, ಮಗುವಿನ ಫೋಟೋ ಕೊಟ್ಟು, ಮತದ ದಿನ ಬಂದು ಕೂತರೆ ಆ ಒಂದು ಮತ ಬರುತ್ತದೆ ಅಂತ ಓಡೆಗಾರ್ಡ್ ಹೇಳುತ್ತಾಳೆ. ಅವಳು ಹೇಳುವುದು ಸರಿ. ನಿನ್ನನ್ನು ಒಪ್ಪಿಸುವ ಕೆಲಸ ನನಗೆ ಒಪ್ಪಿಸಿದ್ದಾಳೆ, ಎಂಥವಳಿಗೆ ಎಂಥ ಕೆಲಸ. ಕೂದಲು ಉದುರಿದ ಮೇಲಿನ ಫೋಟೋ ಬೇಕಂತೆ. ಕೊಡುವುದಾದರೆ ಅದನ್ನು ಕೊಡಬೇಡ, ಸರೋವರದ ದಡದಲ್ಲಿ ಕಲ್ಲು ಎಸೆಯುತ್ತಿರುವುದನ್ನು ಕೊಡು. ಇನ್ನೊಂದು ಒಪ್ಪಿಗೆ ಪತ್ರವನ್ನೂ ಅಂಚೆಚೀಟಿ ಹಚ್ಚಿದ ಲಕೋಟೆಯನ್ನೂ ಇದರ ಜೊತೆ ಇಟ್ಟಿದ್ದೇನೆ. ಮೀನಿನ ಡಬ್ಬಿ ಇನ್ನೂ ನನ್ನ ಕಿಟಕಿಯಲ್ಲಿದೆ. ಬೇಕೆಂದರೆ ಕಳಿಸುತ್ತೇನೆ. ಬೇಡವೆಂದರೆ ಇಲ್ಲಿಯೇ ಇರಲಿ, ದಿನಾ ಧೂಳು ಒರೆಸುತ್ತೇನೆ.

ಆರ್ನಿಗೆ ನನ್ನ ಪ್ರೀತಿ ಹೇಳು, ಗ್ಯಾರೇಜಿನ ವಿಷಯ ಹೇಳಬೇಡ. ಟೋಪಿ ಹಾಕಿಕೋ. ನಿನಗೆ ಒಳ್ಳೆಯದಾಗಲಿ ಮಗಳೇ. ನೀನು ಮಾತಾಡಿದರೂ, ಇನ್ನು ಎಂದೂ ಮಾತಾಡದಿದ್ದರೂ, ನಾನು ಕಣ್ಣು ಮುಚ್ಚುವವರೆಗೆ ಬೇಡಿಕೊಳ್ಳುವುದು ಅಷ್ಟನ್ನೇ.

ನಿನ್ನ ಅಮ್ಮ,
ಆರ್ಡಿತ್

ತಾ.ಕ.: ಅಂಚೆಯವನ ಗಾಡಿ ಬೀದಿಯ ತಿರುವಿನಲ್ಲಿದೆ, ಬೇಗ ಬರೆಯುತ್ತೇನೆ. ಇಲ್ಲಿ ದೀಪವಿಲ್ಲ, ಆ ಮಾತು ಮುಗಿಸಬೇಕು. ಏಳು ವರ್ಷದ ಹಿಂದೆ, ಬಾಗಿಲು ಮುಚ್ಚಬಾರದು ಅನ್ನುವ ಇದೇ ಕಲಮು ಬೇರೊಂದು ದೊಡ್ಡ ಮಸೂದೆಯೊಳಗಿತ್ತು. ಮತ ಸಾಲದೆ ಬಿದ್ದಿದ್ದಲ್ಲ. ಬೇಕಾದ್ದಕ್ಕಿಂತ ಎರಡು ಹೆಚ್ಚೇ ಇತ್ತು, ಎಣಿಸಿದವಳು ನಾನು. ಕ್ರಂಪ್ಟನ್, "ಇಟ್ಕೊಳ್ಳೋಣ್ವಾ ಆರ್ಡಿತ್?" ಅಂದರು. "ಬೇಡ, ಭಯ ಇರಲಿ, ಇಲ್ದಿದ್ರೆ ನಮ್ಮ ಮಾತು ಯಾರೂ ಕೇಳಲ್ಲ," ಅಂದೆ, ನನ್ನ ಪೆನ್ಸಿಲಿನಿಂದಲೇ ಅದರ ಮೇಲೆ ಗೆರೆ ಎಳೆದು ತೆಗೆದುಹಾಕಿದೆ. ಅಡುಗೆಮನೆಯಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಇದು. ಇದನ್ನು ತಿಳಿದ ಮೇಲೆ ಸಹಿ ಹಾಕುವುದೋ ಬಿಡುವುದೋ ನೋಡು. ಆ ಗೆರೆ ಎಳೆದ ದಿನ ಸಂಜೆ ನೀನು ಫೋನು ಮಾಡಿ, ಟಿಲ್ಲಿಗೆ ಮೊದಲ ಹಲ್ಲು ಬಂತು ಅಂದೆ. ನಂಗೂ ಇವತ್ತು ಒಳ್ಳೇ ದಿನ ಕಣೇ, ಅಂದೆ ನಾನು. ಯಾಕಮ್ಮಾ ಅಂತ ಕೇಳಿದೆ ನೀನು. ಆಫೀಸಿನ ವಿಷಯ, ನಿಂಗ್ಯಾಕೆ, ಅಂದೆ.