ನಿನ್ನ ಬಡಗಿಯ ಅರ್ಜಿ

ಅಣ್ಣಾ,

ನಿನ್ನನ್ನು ಮಣ್ಣು ಮಾಡಿ ಎರಡು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ಆರಾಧನೆ ಮುಗಿದ ಮೇಲೆ ಚರ್ಚಿನಲ್ಲಿ ಸಭೆ ಸೇರಿತ್ತು. ಹನ್ನೊಂದು ವರ್ಷ ನಿನ್ನೊಡನೆ ಸಂಸಾರ ಮಾಡಿದ ಬಡಗಿ, ಸದಸ್ಯತ್ವಕ್ಕೆ ಅರ್ಜಿ ಹಾಕಿದ್ದರು.

ಅವರೇ ಮಾಡಿಕೊಟ್ಟ ಬೆಂಚುಗಳ ಮೇಲೆ ಕೂತು ಎಲ್ಲರೂ ಅವರ ಯೋಗ್ಯತೆ ಅಳೆದರು. "ದೇವರು ಕೂಡಿಸಿದ್ದು ಗಂಡು ಹೆಣ್ಣನ್ನ. ಅವನ ಮೇಲೆ ನಂಗೆ ದ್ವೇಷ ಇಲ್ಲ, ಆದ್ರೆ ವಾಕ್ಯ ಬಿಡೋಕಾಗಲ್ಲ," ಅಂದರು ನಮಗೆ ಅಕ್ಷರ ಕಲಿಸಿದ ಮೇಷ್ಟ್ರು. "ಪ್ರೀತಿಸು ಅನ್ನೋದೂ ವಾಕ್ಯಾನೇ ಅಲ್ವಾ?" ಅಂದಳು ನರ್ಸಮ್ಮ. ಪಾದ್ರಿಗಳು ಅಡ್ಡಗೋಡೆಯ ಮೇಲೆ ದೀಪ ಇಟ್ಟರು: "ಸಭೆ ಒಡೆಯೋದು ಬೇಡ. ಇನ್ನೊಂದು ವರ್ಷ ಪ್ರಾರ್ಥನೆ ಮಾಡಿ ನೋಡೋಣ."

ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು ಕಿರುಚಿದೆ. "ಹಾಸಿಗೆ ಹಿಡಿದ ನಮ್ಮಣ್ಣನ ಹೇಲು ಉಚ್ಚೆ ಬಳಿದೋರು ಇವರು. ಆಗ ಒಬ್ರಾದ್ರೂ ಬಂದ್ರಾ? ಈಗ ಪಟ್ಟೀಲಿ ಹೆಸರು ಬರೆಯೋಕೆ ಕೈ ನಡುಗುತ್ತಾ? ಪ್ರಾರ್ಥನೆಯಂತೆ ಪ್ರಾರ್ಥನೆ!"

ಮೇಷ್ಟ್ರು ಮೆಲ್ಲಗೆ ಕೇಳಿದರು, "ನಿಮ್ಮಣ್ಣನ ಹೆಸರು ಪಟ್ಟಿಯಿಂದ ತೆಗೆದ ದಿನ ನೀನು ಯಾವ ಕಡೆ ಕೈ ಎತ್ತಿದ್ದೆ, ಮಗಳೇ?"

ಆ ಮುದುಕನ ಬಾಯಿ ಹೊಲಿಯಬೇಕು ಅನ್ನಿಸಿತು. ಆದರೆ ಹೆಸರು ತೆಗೆಯಿರಿ ಅಂದವರ ಜೊತೆ ನಾನೂ ಕೈ ಎತ್ತಿದ್ದು ನಿಜ. ಬಡಗಿ ನನ್ನ ಕೈ ಹಿಡಿದು ಹೊರಗೆ ಕರೆತಂದರು. ಅವರಿಗೆ ಆ ವಿಷಯ ಮೊದಲೇ ಗೊತ್ತಿತ್ತಂತೆ. ನೀನೇ ಹೇಳಿದ್ದೆಯಂತೆ.

ಸಿಟ್ಟು ಇನ್ನೂ ಇಳಿದಿಲ್ಲ. ನಿನ್ನ ಮೇಲೂ ಇದೆ. ಆ ದಿನ ಮನೆಗೆ ಬಂದವನು ನನ್ನ ಕೆನ್ನೆಗೆ ಎರಡು ಬಾರಿಸುವುದು ಬಿಟ್ಟು, "ಊಟ ಆಯ್ತೇನೇ?" ಅಂತ ಯಾಕೆ ಕೇಳಿದೆ?