ರಿಂಗ್ ತಿರುಗಿಸುವಷ್ಟು ಹೊತ್ತು

ಪ್ರೀತಿಯ ಅಕ್ಕ,

ನೀನು ಸ್ಟುಡಿಯೊ ಬಿಟ್ಟು ಹೋಗಿ ಹದಿನಾಲ್ಕು ತಿಂಗಳಾಯಿತು. ಈಗ ನಿನ್ನ ಆ ಹಳೇ ಲೆನ್ಸನ್ನು ನಾನು ಬಳಸುತ್ತಿದ್ದೇನೆ. ನಗಬೇಡ. ‘ಗುಜರಿಗೆ ಹಾಕು’ ಎಂದು ಆಡಿಕೊಂಡವನು ನಾನೇ. ಯಾಕೆ ಕೈಗೆತ್ತಿಕೊಂಡೆ ಅಂತ ಕೇಳಿದರೆ ನನಗೇ ತಲೆಬುಡ ಗೊತ್ತಿಲ್ಲ.

ನನ್ನ ಹೊಸ ಲೆನ್ಸ್ ಕೆಟ್ಟಿಲ್ಲ. ಮುಖ ಕಂಡ ಕೂಡಲೇ ತಾನಾಗಿಯೇ ಫೋಕಸ್ ಮಾಡಿಕೊಳ್ಳುತ್ತದೆ, ಗುಂಡಿ ಒತ್ತಿದರೆ ಮುಗಿಯಿತು. ನಿನ್ನದಕ್ಕೆ ರಿಂಗನ್ನು ಬೆರಳಲ್ಲೇ ತಿರುಗಿಸಬೇಕು, ಅದೂ ನನ್ನ ಕೈ ಕಲಿತದ್ದಕ್ಕೆ ಉಲ್ಟಾ. ಹತ್ತಿರದ್ದನ್ನು ಹಿಡಿಯಲು ಹೋದರೆ ದೂರದ ಗೋಡೆ ಸ್ಪಷ್ಟವಾಗುತ್ತದೆ. ಮೊದಲ ವಾರ ಹತ್ತರಲ್ಲಿ ಏಳು ಫೋಟೊ ಮಸುಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನೂ ಲೆನ್ಸನ್ನೇ ಬೈದೆ. ಮಾರನೇ ದಿನ ಮತ್ತೆ ಅದನ್ನೇ ಕ್ಯಾಮೆರಾಗೆ ಸಿಕ್ಕಿಸಿದೆ. ಆ ರಿಂಗ್ ಬೆಣ್ಣೆ ಸವರಿದ ಹಾಗೆ ತಿರುಗುವಾಗ, ಮಸುಕಿನಿಂದ ಒಂದು ಮುಖ ನಿಧಾನಕ್ಕೆ ಎದ್ದು ಬರುತ್ತದಲ್ಲ, ನನಗೆ ಉಸಿರಾಡುವುದೇ ಮರೆತುಹೋಗುತ್ತದೆ. ಇದು ಲೆನ್ಸಿನ ಗುಣವೋ, ನನ್ನ ವಯಸ್ಸಿನ ದೋಷವೋ ತಿಳಿಯುತ್ತಿಲ್ಲ.

ಹೋದ ಸೋಮವಾರ ಬೆಳಿಗ್ಗೆ ನಿನ್ನ ಹಳೇ ಗಿರಾಕಿ ಹೆಡ್ ಟೀಚರ್ ಪಿಂಚಣಿ ಅರ್ಜಿಯ ಫೋಟೊಗೆ ಬಂದಿದ್ದರು. ನಾನು ರಿಂಗ್ ತಿರುಗಿಸಿ ಮುಗಿಸುವಷ್ಟರಲ್ಲಿ ಅವರ ಮುಖ ಹಲಗೆಯಾಗಿತ್ತು. ನಾಲ್ಕು ಸಲವೂ ಹಾಗೇ. ಕೊನೆಗೆ ಅವರೇ ಹೇಳಿದರು, ‘ನಿಮ್ಮಕ್ಕ ಆಗಿದ್ರೆ ಏನಾದ್ರೂ ಕೇಳ್ತಿದ್ರಪ್ಪ. ನಾನು ಉತ್ತರ ಹೇಳೋದ್ರಲ್ಲಿ ಫೋಟೊ ಆಗೋಗಿರ್ತಿತ್ತು.’ ಗಾಬರಿಯಲ್ಲಿ ನಾನು ‘ಊಟ ಆಯ್ತಾ ಮೇಡಂ?’ ಅಂದೆ. ಆಗಿನ್ನೂ ಒಂಬತ್ತೂವರೆ ಗಂಟೆ. ಇವನಿಗೇನಾಯಿತು ಎಂದು ಅವರು ನನ್ನನ್ನೇ ನೋಡಿದರು. ಆ ಗಳಿಗೆಯಲ್ಲಿ ಗುಂಡಿ ಒತ್ತಿದೆ. ಅದೊಂದೇ ಫೋಟೊ ಚೆನ್ನಾಗಿ ಬಂದಿದೆ.

ಅಕ್ಕ, ನಾವು ಜಗಳ ಆಡಿದ್ದು ಇದಕ್ಕೇ ಅಲ್ಲವಾ? ‘ಗಿರಾಕಿಗಳ ಜೊತೆ ಹರಟೆ ಹೊಡ್ಕೊಂಡು ಕೂತ್ರೆ ಅಂಗಡಿ ಉದ್ಧಾರ ಆದಂಗೆ. ನಿನ್ನ ಕಾಲ ಮುಗೀತು’ ಎಂದು ಎಲ್ಲರೆದುರು ಅಂದುಬಿಟ್ಟೆ. ನೀನು ಲೆನ್ಸ್ ಬಿಚ್ಚಿ, ಮುಚ್ಚಳ ಹಾಕಿ, ಮೇಜಿನ ಮೇಲಿಟ್ಟು ಹೊರಟೆ. ಅದನ್ನು ತಿರುಗಿಸಲು ಹತ್ತು ಸೆಕೆಂಡ್ ಬೇಕು, ಆ ಹತ್ತು ಸೆಕೆಂಡನ್ನು ನೀನು ಮಾತಿನಿಂದ ತುಂಬಿಸುತ್ತಿದ್ದೆ ಎಂದು ನನಗೆಲ್ಲಿ ಗೊತ್ತಿತ್ತು? ಅಥವಾ ಮಾತು ಮುಗಿಯಲಿಲ್ಲವೆಂದು ಬೇಕಂತಲೇ ನಿಧಾನಕ್ಕೆ ತಿರುಗಿಸುತ್ತಿದ್ದೆಯೋ? ಎಷ್ಟು ಯೋಚಿಸಿದರೂ ಬಗೆಹರಿಯುತ್ತಿಲ್ಲ. ನನಗೆ ಲೆನ್ಸ್ ಇಷ್ಟವಾಗಿದೆಯೋ, ನೀನಿಲ್ಲದ್ದಕ್ಕೆ ಅದನ್ನು ಹಿಡಿದುಕೊಂಡಿದ್ದೇನೋ, ಅದೂ ಗೊತ್ತಿಲ್ಲ.

ಭಾನುವಾರ ಸಂಜೆ ಗೊತ್ತಿಲ್ಲದ ನಂಬರಿನಿಂದ ನಿನಗೆ ಫೋನ್ ಬಂತಲ್ಲ, ಅದು ನಾನೇ. ನೀನು ‘ಯಾರು?’ ಅಂದೆ. ‘ತಪ್ಪಾಯ್ತು’ ಅನ್ನಲು ಬಾಯಿ ತೆರೆದೆ, ಸ್ವರವೇ ಹೊರಡಲಿಲ್ಲ. ನೀನು ಫೋನ್ ಇಟ್ಟುಬಿಡಬಹುದಿತ್ತು. ಇಡಲಿಲ್ಲ. ನೀನೇ ‘ನಿನ್ನ ಬೆನ್ನು ನೋವು ಕಮ್ಮಿ ಆಯ್ತೇನೋ?’ ಎಂದು ಕೇಳಿದೆ. ನಾನು ಹೆದರಿ ಫೋನ್ ಇಟ್ಟೆ.

ಕಮ್ಮಿ ಆಗಿಲ್ಲ, ಅಕ್ಕ. ತಪ್ಪಾಯಿತು. ಬಾ.

ನೀನು ಎಲ್ಲಿದ್ದರೂ ನಿನ್ನ ಕಣ್ಣು, ಕೈ ಚೆನ್ನಾಗಿರಲಿ.

ಇಂತಿ,
ನಿನ್ನ ಮೊದ್ದು ತಮ್ಮ