ಐವತ್ತೆಂಟು ಗ್ರಾಂ ಮೂಳೆ

ಗುರುವಾರ, ಮಧ್ಯಾಹ್ನ ಎರಡೂವರೆ

ಅಳಿಯಂದಿರಿಗೆ ನಿಮ್ಮ ದೊಡ್ಡತ್ತೆಯ ಆಶೀರ್ವಾದ.

ನಿಮ್ಮ ಕಾಗದ ನಿನ್ನೆ ಕೈಸೇರಿತು. ಫೋನಿನಲ್ಲಿ ನನಗೆ ಅರ್ಧಕ್ಕರ್ಧ ಕೇಳಿಸುವುದಿಲ್ಲವೆಂದು ನೆನಪಿಟ್ಟು ಕಾಗದವನ್ನೇ ಬರೆದಿರಿ, ಅದೂ ಎಷ್ಟು ಮುದ್ದಾದ ಅಕ್ಷರ! ನಾನು ಮಾಂಸ ಕಟ್ಟುವ ಹಳೆ ಪತ್ರಿಕೆಗಳನ್ನು ಓದಿ ಓದಿ ಅಕ್ಷರ ಕಲಿತವಳು. ಸಾಲು ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಕೇಳಿದ ಪ್ರಶ್ನೆಗೆ ಮೊದಲು ಬರುತ್ತೇನೆ. ಮೂಳೆ ಇರುವ ಮಾಂಸವನ್ನು ಕ್ಯಾಲೊರಿ ಲೆಕ್ಕಕ್ಕೆ ತೂಗುವುದು ಹೇಗೆ? ನೀವು ಮಾಡುತ್ತಿರುವುದೇ ಸರಿ. ಬೇಯಿಸಿದ ಕೋಳಿಕಾಲನ್ನು ಬಡಿಸುವ ಮುಂಚೆ ತೂಗಬೇಕು, ತಿಂದಾದ ಮೇಲೆ ತಟ್ಟೆಯಲ್ಲಿ ಉಳಿದ ಮೂಳೆಯನ್ನು ತೂಗಿ ಕಳೆಯಬೇಕು. ಹಸಿ ಮಾಂಸದ ತೂಕದಿಂದ ಬೆಂದ ಮೂಳೆಯ ತೂಕ ಕಳೆಯಬಾರದು. ಬೆಂದಾಗ ಎರಡೂ ನೀರು ಬಿಡುತ್ತವೆ, ಲೆಕ್ಕ ತಪ್ಪುತ್ತದೆ. ಆ ತಪ್ಪನ್ನು ನೀವು ಮಾಡಿಲ್ಲ. ಔಷಧಿ ಕಾರ್ಖಾನೆಯಲ್ಲಿ ಮಾತ್ರೆ ತೂಗುವವರು, ನಿಮಗೆ ನಾನೇನು ಹೇಳಿಕೊಡಲಿ.

ಆದರೂ ಲೆಕ್ಕ ಕೂಡುತ್ತಿಲ್ಲ ಎಂದು ಬರೆದಿದ್ದೀರಿ. ಅದೇ ಅಂಗಡಿ, ಪ್ರತಿಸಲವೂ ಇನ್ನೂರು ಗ್ರಾಂ ತೂಗುವ ಕಾಲು. ಮೊದಲ ವಾರ ಮೂಳೆ ಐವತ್ತೆಂಟು ಗ್ರಾಂ. ಆಮೇಲೆ ಐವತ್ತೊಂದು. ಆಮೇಲೆ ನಲವತ್ನಾಲ್ಕು. ಕಳೆದ ವಾರ ಮೂವತ್ತಾರು. ಮೂಳೆ ಕಡಿಮೆಯಾದಷ್ಟೂ ನನ್ನ ಹೆಂಡತಿ ತಿಂದ ಮಾಂಸ ಹೆಚ್ಚಾಗುತ್ತಿದೆ, ಆದ್ದರಿಂದ ಮರುದಿನದ ಊಟದಲ್ಲಿ ಅಷ್ಟನ್ನು ಕಡಿತ ಮಾಡುತ್ತಿದ್ದೇನೆ, ಇದೆಂಥ ತಳಿಯ ಕೋಳಿ, ಕಟುಕ ಏನಾದರೂ ಮೋಸ ಮಾಡುತ್ತಿದ್ದಾನಾ ಎಂದು ಕೇಳಿದ್ದೀರಿ.

ಆ ನಾಲ್ಕು ಅಂಕಿಗಳನ್ನು ಓದಿ ನಾನು ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಗಿರಾಕಿಯೊಬ್ಬಳು, ಯಾಕಜ್ಜಿ, ಕೈ ಕುಯ್ಕೊಂಡ್ರಾ, ಅಂತ ಕೇಳಿದಳು. ಇಲ್ಲ ಕಣಮ್ಮ, ಓದೋದು ನಿಧಾನ ನಂದು, ಅಂದೆ.

ನಲವತ್ತು ವರ್ಷ ಕೋಳಿ ಕಡಿದವಳು ನಾನು, ಅಳಿಯಂದಿರೇ. ಒಂದೇ ತೂಕದ ಕಾಲಿನಲ್ಲಿ ಮೂಳೆ ಎರಡು ಗ್ರಾಂ, ಮೂರು ಗ್ರಾಂ ಹೆಚ್ಚುಕಡಿಮೆ ಆದೀತು. ವಾರದಿಂದ ವಾರಕ್ಕೆ ಕರಗುತ್ತಾ ಹೋಗುವುದಿಲ್ಲ. ನಿಮ್ಮ ಕಟುಕ ಪಾಪ, ನಿಯತ್ತಿನವನು. ಮೂಳೆ ಕಡಿಮೆಯಾಗಬೇಕಾದರೆ ಅದನ್ನು ಯಾರೋ ಜಗಿದು ನುಂಗುತ್ತಿರಬೇಕು. ಮೊದಲು ತುದಿಯ ಮೆತ್ತನೆಯ ಗಂಟು, ಆಮೇಲೆ ಒಳಗಿನ ಮಜ್ಜೆ, ಆಮೇಲೆ ಮೂಳೆಯನ್ನೇ. ಹೊಟ್ಟೆ ತುಂಬಿದವರು ಯಾರೂ ಹಾಗೆ ಮಾಡುವುದಿಲ್ಲ. ಅವಳು ಹಸಿದು ಮೂಳೆ ತಿಂದಳು, ನೀವು ಅದನ್ನು ಮಾಂಸವೆಂದು ಬರೆದುಕೊಂಡಿರಿ, ಮರುದಿನ ಇನ್ನಷ್ಟು ಹಸಿಯುವಂತೆ ಮಾಡಿದಿರಿ. ನಿಮ್ಮ ತಕ್ಕಡಿ ಒಂದು ಗ್ರಾಮೂ ಸುಳ್ಳು ಹೇಳಿಲ್ಲ.

ಇಷ್ಟು ತಿಳಿದ ಮೇಲೆ ಊರಲ್ಲಿ ಕೂರಲಾಗಲಿಲ್ಲ. ಇವತ್ತು ಬೆಳಿಗ್ಗೆ ಬಸ್ಸು ಹತ್ತಿ ನಿಮ್ಮ ಮನೆಗೆ ಬಂದೆ. ನೀವು ಕೆಲಸಕ್ಕೆ ಹೋಗಿದ್ದಿರಿ. ಗುಂಡಮ್ಮ ಬಾಗಿಲು ತೆರೆದವಳು ಮೊದಲು ಗೋಡೆಯ ಗಡಿಯಾರ ನೋಡಿದಳು, ಆಮೇಲೆ ನನ್ನನ್ನು. ಅವಳಿಗೆ ಆ ಅಡ್ಡಹೆಸರಿಟ್ಟವಳು ನಾನೇ. ತಾಯಿಯಿಲ್ಲದ ಮಗು, ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಉಂಡುಟ್ಟು ಗುಂಡುಗುಂಡಾಗಿ ಬೆಳೆದವಳು. ತಬ್ಬಿಕೊಂಡೆ. ನನ್ನ ಕೈ ತೂಗುವ ಕೈ. ಏನು ಸಿಕ್ಕಿತು ಎಂದು ಇಲ್ಲಿ ಬರೆಯಲಾರೆ.

ಯಾಕೇ ಹೀಗಾಗಿದೀಯ, ಅಂದೆ. ಏನೂ ಇಲ್ಲ ದೊಡ್ಡಮ್ಮ, ಮಂಡಿನೋವಿಗೆ ಡಾಕ್ಟ್ರು ಐದು ಕೆಜಿ ಇಳಿಸು ಅಂದಿದ್ರು, ಇವ್ರು ಪಾಪ ನನಗೋಸ್ಕರ ಲೆಕ್ಕ ಇಡ್ತಿದಾರೆ, ಅಂದಳು. ಐದು ಕೆಜಿ ಯಾವಾಗ ಇಳೀತು, ಅಂದೆ. ಹೋದ್ ವರ್ಷ, ಅಂದಳು. ಹೇಳಿ ನಕ್ಕಳು. ಮೂಳೆ ತಿಂತೀಯೇನೇ, ಅಂದೆ. ನಂಗೆ ಮೂಳೆ ಅಂದ್ರೆ ಮೊದ್ಲಿಂದ್ಲೂ ಇಷ್ಟ ಅಲ್ವಾ, ಮರೆತ್ಬಿಟ್ಯಾ, ಅಂದಳು. ನಾನು ಮರೆತಿಲ್ಲ. ಚಿಕ್ಕವಳಿದ್ದಾಗ ಮೂಳೆ ಮುಟ್ಟುತ್ತಲೇ ಇರಲಿಲ್ಲ, ಬೀದಿನಾಯಿಗೆ ಎಸೆಯುತ್ತಿದ್ದಳು. ಮಾತಾಡುವಾಗ ಅವಳ ಮುಂದಿನ ಹಲ್ಲು ಒಡೆದಿರುವುದು ಕಾಣಿಸಿತು.

ಅಡುಗೆಮನೆಯ ಬೀರುವಿಗೆ ಬೀಗ ಇದೆ. ನೀರು ಕುಡಿಯಬೇಕೆಂದೆ. ಲೋಟ ಕೊಟ್ಟಳು. ಕೊಟ್ಟ ಮೇಲೆ ಅದನ್ನು ಒರೆಸಿ, ಇದ್ದ ಜಾಗದಲ್ಲೇ, ಇದ್ದ ಹಾಗೇ ಇಟ್ಟಳು. ಅವಳ ಊಟದ ಲೆಕ್ಕ ಬರೆಯುವ ನಿಮ್ಮ ಪುಸ್ತಕವನ್ನೂ ನೋಡಿದೆ. ಮೇಜಿನ ಮೇಲೇ ಇತ್ತು. ಮುಂದಿನ ತಿಂಗಳಿನ ಪುಟಗಳಲ್ಲಿ ಅಂಕಿಗಳು ಈಗಲೇ ತುಂಬಿವೆ. ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗುವ ಆ ಸಾಲು ಎಲ್ಲಿ ನಿಲ್ಲುತ್ತದೆ ಎಂದು ಪುಟ ತಿರುಗಿಸಿದೆ. ನಿಲ್ಲುವುದೇ ಇಲ್ಲ.

ನನ್ನದೂ ತಪ್ಪಿದೆ. ನಿಮ್ಮ ಮದುವೆಯ ದಿನ ನಾನೇ ನಿಮ್ಮ ಕೈಹಿಡಿದು, ನಮ್ಮ ಗುಂಡಮ್ಮನ್ನ ತೂಗಿ ಕೊಡ್ತಿದೀನಿ ಕಣಪ್ಪ, ಒಂದು ಗ್ರಾಂ ಕಡಿಮೆಯಾದ್ರೂ ಬಂದು ಕೇಳ್ತೀನಿ, ಅಂತ ತಮಾಷೆ ಮಾಡಿದ್ದೆ. ಎಲ್ಲರೂ ನಕ್ಕರು. ನೀವು ನಗಲಿಲ್ಲ, ಎಷ್ಟು ಕೆಜಿ, ಅಂತ ಕೇಳಿದಿರಿ. ಆಗಲೇ ನನಗೆ ತಿಳಿಯಬೇಕಿತ್ತು.

ಬಂದು ಕೇಳುತ್ತಿದ್ದೇನೆ.

ಮಾತಾಡಬೇಕು ಅನ್ನಿಸಿದರೆ ನನ್ನ ಅಂಗಡಿಗೆ ಬನ್ನಿ. ಹಗಲು ಹೊತ್ತು, ನಾಲ್ಕು ಜನ ಗಿರಾಕಿಗಳಿರುವಾಗ ಬನ್ನಿ. ಕೀಲು ಎಲ್ಲಿದೆ, ಕತ್ತಿ ಎಲ್ಲಿಟ್ಟರೆ ಮೂಳೆಗೆ ನೋವಾಗದೆ ಕಾಲು ಬಿಡಿಸಿಕೊಂಡು ಬರುತ್ತದೆ ಎಂದು ತೋರಿಸುತ್ತೇನೆ. ನಲವತ್ತು ವರ್ಷದಲ್ಲಿ ನನ್ನ ಕತ್ತಿ ಒಮ್ಮೆಯೂ ಜಾರಿಲ್ಲ.

ಇತಿ,
ಗುಂಡಮ್ಮನ ದೊಡ್ಡಮ್ಮ

ಮರೆತಿದ್ದೆ: ಇದನ್ನು ನಿಮ್ಮ ಅಡುಗೆಮನೆಯ ಮೇಜಿನಲ್ಲೇ ಕುಳಿತು ಬರೆದೆ. ಒಳಗೆ ಅವಳು ಬಟ್ಟೆ ತುಂಬಿಕೊಳ್ಳುವುದು ಮುಗಿಯಿತು. ನಾಲ್ಕರ ಬಸ್ಸಿಗೆ ಹೊರಡುತ್ತೇವೆ, ನೀವು ಬರುವುದು ಐದೂವರೆಗಂತೆ. ಊರಿಂದ ಎರಡು ಕಾಲು ಬೇಯಿಸಿ ತಂದಿದ್ದೆ, ನಿಮ್ಮ ತಕ್ಕಡಿಯಲ್ಲೇ ತೂಗಿ ಬಡಿಸಿದೆ, ಒಂದೊಂದೂ ಇನ್ನೂರು ಗ್ರಾಂ. ಮೊದಲನೆಯದರಲ್ಲಿ ಏನೂ ಉಳಿಯಲಿಲ್ಲ. ಎರಡನೆಯದರ ಮೂಳೆ ತಕ್ಕಡಿಯ ಮೇಲೇ ಇದೆ. ದೀಪ ಹಾಕಿ ನೋಡಿ, ಐವತ್ತೆಂಟು.